ಬ್ರಿಜ್ ಆಟದಾಗ ನಿಂತಲ್ಲೇ ನಿಂತೇನಿ, ಮುಂದ ಹೋಗೂದು ಹೆಂಗ?

ಸಾಧನಕೇರಿ_ನಿವೃತ್ತ (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ಬ್ಯಾಂಕ್ ನೌಕರಿಯಿಂದ ನಿವೃತ್ತಿ ಆಗಿ ಮೂರು ವರ್ಷ ಆತು. ಎರಡೂವರಿ ವರ್ಷದಿಂದ ನಾವು ನಾಕು ಮಂದಿ ರವಿವಾರ ಸಂಜಿಕ ನಮ್ಮ ಪಡಸಾಲ್ಯಾಗ ಕುಂತು ಬ್ರಿಜ್ ಅನ್ನೂ ಇಸ್ಪೀಟ್ ಆಟ ಆಡ್ತೀವಿ, ಎದುರುಬದುರು ಕುಂತ ಇಬ್ಬಿಬ್ಬರು ಒಂದು ಜೋಡಿ. ರೊಕ್ಕ ಹಚ್ಚಿ ಆಡೂ ಆಟ ಅಲ್ಲ. ಚಹಾ, ಚುರಮುರಿ, ಆಟ, ಇಷ್ಟ.

ಮೊದಲ ಆರು ತಿಂಗಳು ಭಾಳ ಚಂದ ಕಲ್ತ್ವಿ. ಎಕ್ಕಕ್ಕ 4, ರಾಜಗ 3, ರಾಣಿಗೆ 2, ಗುಲಾಮಗ 1, ಎಲ್ಲಾ ಸೇರಿ 40 ಪಾಯಿಂಟ್. ಜೋಡಿ ಇಬ್ಬರದೂ ಕೂಡಿ 25 ಇದ್ರ ಗೇಮ್ (ಬೋನಸ್ ಸಿಗೂ ಮಟ್ಟ), 33 ಇದ್ರ ಸ್ಮಾಲ್ ಸ್ಲ್ಯಾಮ್ (ಹದಿಮೂರು ಟ್ರಿಕ್‌ನ್ಯಾಗ, ಅಂದ್ರ ಸುತ್ತಿನ್ಯಾಗ, ಹನ್ನೆರಡು ಗೆಲ್ಲೂದು). ಇಷ್ಟೆಲ್ಲಾ ಬಾಯಿಪಾಠ ಆತು. ಆಮ್ಯಾಲ ಸ್ಟೇಮನ್, ಟ್ರಾನ್ಸ್‌ಫರ್, ಬ್ಲ್ಯಾಕ್‌ವುಡ್ ಅನ್ನೂ ಕನ್ವೆನ್ಷನ್ (ಬಿಡ್ಡಿನಿಂದ ಪಾರ್ಟ್ನರ್‌ಗೆ ಕೈ ತಿಳಸೂ ಒಪ್ಪಂದದ ಸಂಕೇತ) ಕಲ್ತೆ. ಅಲ್ಲಿಗೆ ನಿಲ್ಲಲಿಲ್ಲ, ಇಂಟರ್ನೆಟ್‌ನ್ಯಾಗ ಸಿಕ್ಕ ಇನ್ನೂ ಏಳೆಂಟು ಕನ್ವೆನ್ಷನ್ ನೋಟ್‌ಬುಕ್‌ನ್ಯಾಗ ಬರಕೊಂಡೆ. ಖರೇ ಹೇಳ್ತೀನಿ, ಅದರಿಂದ ನನ್ನ ಆಟ ಒಂದ ಗೇಣೂ ಮುಂದ ಹೋಗಿಲ್ಲ. ಬಿಡ್ಡಿಂಗ್ (ಎಷ್ಟು ಟ್ರಿಕ್ ಅಂತ ಕೂಗೂದು) ಸರಿ ಇರ್ತದ, ಕಾಂಟ್ರ್ಯಾಕ್ಟ್ (ಕಡೀಕ ನಿಂತ ಕೂಗು) ಸರಿ ಇರ್ತದ, ಕಡೀಕ ಒಂದು ಟ್ರಿಕ್ ಕಡಿಮಿ ಬೀಳ್ತದ. ಈ ಒಂದು ಟ್ರಿಕ್ ಎಲ್ಲಿ ಹೋಗ್ತದ ಅನ್ನೂದು ನನಗ ತಿಳೀವಲ್ದು. ತಿಳಿದವರು ದಯಮಾಡಿ ಹೇಳ್ರಿ.

ಚಿಗರಿ_ಪ್ರಯಾಣಿಕ (ಹುಬ್ಬಳ್ಳಿ)

ಸರ್, ಹಿಂಗ ಒಟ್ಟಾರೆ ಕೇಳಿದ್ರ ಯಾರಿಗೂ ಹೇಳಾಕ ಆಗೂದಿಲ್ಲ. ಬಿದ್ದ ಕೈ, ಅಂದ್ರ ಕಾಂಟ್ರ್ಯಾಕ್ಟ್ ಸೋತ ಆಟ, ಒಂದು ಪೂರಾ ಬರೀರಿ. ಯಾರು ಏನು ಲೀಡ್ ಮಾಡಿದ್ರು (ಮೊದಲ ಎಲಿ ಯಾವುದು ಇಳಿಸಿದ್ರು), ನೀವು ಮೊದಲ ಟ್ರಿಕ್ಕಿಗೆ ಏನು ಹಾಕಿದ್ರಿ, ಎಲ್ಲಾ.

ಸಾಧನಕೇರಿ_ನಿವೃತ್ತ

ಆತು. ಹ್ವಾದ ರವಿವಾರದ್ದು ಇನ್ನೂ ಕಣ್ಣಾಗ ಐತಿ.

ನನ್ನ ಕೈ, ದಕ್ಷಿಣ:
ಸ್ಪೇಡ್: ಎಕ್ಕ 6 3
ಹಾರ್ಟ್: ರಾಜ ರಾಣಿ 5
ಡೈಮಂಡ್: ರಾಣಿ 9 8 3
ಕ್ಲಬ್: ಎಕ್ಕ ಗುಲಾಮ 2

ಡಮ್ಮಿ (ಟೇಬಲ್ ಮ್ಯಾಲ ತೆರದು ಇಟ್ಟ ನನ್ನ ಪಾರ್ಟ್ನರ್ ಎಲಿ, ಅವನ್ನೂ ನಾನ ಆಡೂದು), ಉತ್ತರ:
ಸ್ಪೇಡ್: 8 4
ಹಾರ್ಟ್: ಎಕ್ಕ 7 3
ಡೈಮಂಡ್: ಎಕ್ಕ ಗುಲಾಮ 10 4
ಕ್ಲಬ್: ರಾಜ 9 6 4

16 ಪಾಯಿಂಟ್ ಇತ್ತು, 1 ನೋ ಟ್ರಂಪ್ (ತುರುಪಿಲ್ಲದ ಆಟ) ಅಂದೆ. ಪಾರ್ಟ್ನರ್ ಕಡೆ 12, ಅವರು ನೆಟ್ಟಗ 3 ನೋ ಟ್ರಂಪ್‌ಗೆ (ಒಂಬತ್ತು ಟ್ರಿಕ್) ಹ್ವಾದ್ರು. ಪಶ್ಚಿಮದವರು ಸ್ಪೇಡ್ 5 ಲೀಡ್ ಮಾಡಿದ್ರು. ಡಮ್ಮಿಯಿಂದ 4, ಪೂರ್ವದವರು ರಾಣಿ ಹಾಕಿದ್ರು, ನಾ ಎಕ್ಕದಿಂದ ಹೊಡದೆ. ಕೈಯಾಗಿಂದ ಡೈಮಂಡ್ ರಾಣಿ ಬಿಟ್ಟು ಫಿನೆಸ್ ಮಾಡಿದೆ, ಅಂದ್ರ ರಾಜ ಪಶ್ಚಿಮದ ಕಡೆ ಇರ್ತದ ಅಂತ ನಂಬಿ ಡಮ್ಮಿಯ ಎಕ್ಕ ಹಾಕಲಿಲ್ಲ. ರಾಜ ಪೂರ್ವದ ಕಡೆ ಇತ್ತು. ಅವರು ರಾಜದಿಂದ ಹೊಡದು ಸ್ಪೇಡ್ 10 ತಿರುಗಿಸಿದ್ರು. ಅಲ್ಲಿಂದ ಸಾಲಾಗಿ ನಾಕು ಸ್ಪೇಡ್ ಹೋದ್ವು. ರಾಜ ಸೇರಿ ಐದು. ಒಂದು ಟ್ರಿಕ್ಕಿಗೆ ಬಿತ್ತು.

ಫಿನೆಸ್ ಅಂದ್ರ ಐವತ್ತಕ್ಕ ಐವತ್ತು, ನಂದು ಹಣೆಬಾರ ಅಂತ ಬಿಟ್ಟೆ.

ಉಣಕಲ್‌ಕೆರೆ (ಹುಬ್ಬಳ್ಳಿ)

ಸಾಧನಕೇರಿ ಸರ್, ಇದು ಹಣೆಬಾರ ಅಲ್ಲರಿ. ರಾಜ ಯಾವ ಕಡೆ ಇದ್ರೂ ಈ ಕಾಂಟ್ರ್ಯಾಕ್ಟ್ ಆಗೂ ಹಂಗ ಅದ. ಸಾವಕಾಶ ನೋಡೋಣ್ರಿ. ನಿಮ್ಮ ಪ್ರಶ್ನೆಗೆ ಉತ್ತರ ಪೂರಾ ಈ ಒಂದು ಕೈಯಾಗ ಅದ.

ಡಮ್ಮಿ ಟೇಬಲ್ ಮ್ಯಾಲ ಬಿತ್ತು. ನಿಮ್ಮ ಕೈ ಆಗಲೇ ಸ್ಪೇಡ್ 4ರ ಕಡೆ ಹೋಗಿರಬೇಕು. ಅಲ್ಲಿ ನಿಂದರ್ರಿ. ನನ್ನ ತಂದಿ ರೈಲ್ವೆದಾಗ ಇದ್ದರು, ಅವರ ಹತ್ರ ನಾ ಕಲ್ತಿದ್ದು. ಡಮ್ಮಿ ಇಳಿದ ಕೂಡ್ಲೆ ತಮ್ಮ ಎಲಿ ಬೋರಲ ಮಾಡಿ ಟೇಬಲ್ ಮ್ಯಾಲ ಇಡ್ತಿದ್ದರು. ಮೂವತ್ತು ಎಣಿಸೂ ತನಕ ಮುಟ್ಟತಿದ್ದಿಲ್ಲ. ಆ ಅರ್ಧ ನಿಮಿಷದಾಗ ಮಾಡೂ ಲೆಕ್ಕ ಇಷ್ಟ.

ಖಾತ್ರಿ ಟ್ರಿಕ್ ಎಷ್ಟು? ಸ್ಪೇಡ್ 1, ಹಾರ್ಟ್ 3, ಡೈಮಂಡ್ 1, ಕ್ಲಬ್ 2. ಏಳು. ಇನ್ನ ಎರಡು ಬೇಕು. ಎಲ್ಲಿಂದ? ಡೈಮಂಡ್‌ನಿಂದ. ಫಿನೆಸ್ ಸೋತರೂ ಅಲ್ಲಿ ಮೂರು ಟ್ರಿಕ್ ಬರ್ತಾವ, ಅಲ್ಲಿಗೆ ಒಂಬತ್ತು ಆತು. ಅಂದ್ರ ನೀವು ಫಿನೆಸ್ ಗೆಲ್ಲಬೇಕಾಗೇ ಇಲ್ಲ! ರಾಜ ಹ್ವಾದ ಮ್ಯಾಲ ನಾಕು ಸ್ಪೇಡ್ ಹೋಗದಂಗ ನೋಡಿಕೊಂಡ್ರ ಸಾಕು.

ಈಗ ಸ್ಪೇಡ್ 5 ನೋಡ್ರಿ. ಉದ್ದನ್ನ ಸೂಟಿನಾಗ ಮ್ಯಾಲಿಂದ ನಾಕನೇ ಎಲಿ ಲೀಡ್ ಮಾಡೂದು ರೂಢಿ. ಅದಕ್ಕೇ ಹನ್ನೊಂದರ ನಿಯಮ ಅಂತ ಅದ. 11ರಾಗ 5 ಕಳದ್ರ 6. ಅಂದ್ರ 5ಕ್ಕಿಂತ ದೊಡ್ಡ ಎಲಿ ಉಳಿದ ಮೂರು ಕೈಯಾಗ ಆರು ಅದಾವ. ಡಮ್ಮ್ಯಾಗ 8, ನಿಮ್ಮ ಹತ್ರ ಎಕ್ಕ ಮತ್ತ 6. ಮೂರು ಆತು. ಹಂಗಾರ ಪೂರ್ವದವರ ಹತ್ರ ಅಂಥಾವು ಸರಿಯಾಗಿ ಮೂರು. ಮೊದಲನೇ ಎಲಿ ಬಿದ್ದಾಗಲೇ ನಿಮಗ ಇದು ಗೊತ್ತಾತು. ಇನ್ನ ಒಂದ ಎಲಿ ಉಳೀತು, 2. ಅದು ಪಶ್ಚಿಮದಾಗ ಇದ್ರ ಅವರಿಗೆ ಐದು ಸ್ಪೇಡ್, ಪೂರ್ವದಾಗ ಇದ್ರ ನಾಕು-ನಾಕು.

ಎಕ್ಕ ಎರಡು ಸಲ ತಡದು ಹಿಡೀರಿ. ಎಷ್ಟು ಸಲ ತಡೀಬೇಕು ಅನ್ನೂದಕ್ಕೂ ಒಂದು ಲೆಕ್ಕ ಅದ: ಆ ಸೂಟಿನಾಗ ನಿಮ್ಮ ಎರಡೂ ಕೈಯಾಗಿನ ಎಲಿ ಕೂಡಿಸಿ 7ರಾಗ ಕಳೀರಿ. ಇಲ್ಲಿ ಐದು ಎಲಿ, 7ರಾಗ 5 ಹ್ವಾದ್ರ 2. ಮೊದಲ ಟ್ರಿಕ್ ರಾಣಿಗೆ ಬಿಡ್ರಿ, ಎರಡನೇದು 10ಕ್ಕ ಬಿಡ್ರಿ, ಮೂರನೇದಕ್ಕ ಎಕ್ಕ ಹಾಕ್ರಿ. ಆ ಹೊತ್ತಿಗೆ ಪೂರ್ವದವರ ಸ್ಪೇಡ್ ತೀರಿರ್ತಾವ. ಈಗ ಡೈಮಂಡ್ ರಾಣಿ ಬಿಡ್ರಿ. ರಾಜ ಪೂರ್ವದ ಕಡೆ ಇದ್ರ ಅವರು ಹೊಡೀತಾರ, ಆದ್ರ ತಿರುಗಿಸಲಿಕ್ಕೆ ಸ್ಪೇಡ್ ಇಲ್ಲ. ರಾಜ ಪಶ್ಚಿಮದ ಕಡೆ ಇದ್ರ ಫಿನೆಸ್ ಗೆದ್ದ ಹೋತು. ಸ್ಪೇಡ್ ನಾಕು-ನಾಕು ಇದ್ರ ಮೂರು ಸ್ಪೇಡ್, ಒಂದು ರಾಜ, ಒಟ್ಟು ನಾಕ ಹೋಗ್ತಾವ. ಯಾವ ರೀತಿ ಇದ್ರೂ ಒಂಬತ್ತು ನಿಮ್ಮವ.

ನೀವು ಕಳಕೊಂಡ ಟ್ರಿಕ್ ಡೈಮಂಡ್‌ದಾಗ ಹ್ವಾದದ್ದಲ್ಲ. ಮೊದಲನೇ ಟ್ರಿಕ್ಕಿನಾಗ, ಎಕ್ಕ ಹಾಕಿದಾಗಲೇ ಹೋಗಿತ್ತು.

ಸಾಧನಕೇರಿ_ನಿವೃತ್ತ

ಅಕ್ಕಾರ, ಇದನ್ನ ಓದಿ ಎಲಿ ತಗದು ಟೇಬಲ್ ಮ್ಯಾಲ ಹಚ್ಚಿ ಮೂರು ಸಲ ಆಡಿ ನೋಡಿದೆ. ಪಶ್ಚಿಮಕ್ಕ ರಾಜ ಗುಲಾಮ 9 5 2, ಪೂರ್ವಕ್ಕ ರಾಣಿ 10 7 ಇದ್ದದ್ದು ನನಗ ನೆನಪೈತಿ. ಪೂರ್ವದ ಕೈಯಾಗ ಸರಿಯಾಗಿ ಮೂರ! ಹನ್ನೊಂದರ ನಿಯಮ ನನ್ನ ನೋಟ್‌ಬುಕ್‌ನ್ಯಾಗ ಬರದದ್ದೇ ಐತಿ, ಎರಡು ವರ್ಷದ ಹಿಂದ. ಒಂದ ಸಲನೂ ಆಟದಾಗ ಬಳಸಿದ್ದಿಲ್ಲ.

ಬೆಟಗೇರಿ_ಮಗ್ಗ (ಗದಗ)

ಉಣಕಲ್ ಅಕ್ಕಾರ ಹೇಳಿದ್ದು ನೂರಕ್ಕ ನೂರು ಖರೆ. ನಾ ಇನ್ನೊಂದು ಮಾತು ಸೇರಸ್ತೀನಿ. ನಮ್ಮ ಕಡೆ ಬಹಳ ಮಂದಿ ಇಪ್ಪತ್ತೆಂಟು ಆಡಿ ಬಂದಾವ್ರು. ಬ್ರಿಜ್‌ಗೆ ಬಂದ ಕೂಡ್ಲೆ ಆ ಆಟ ಮರತು ಬಿಡ್ರಿ ಅಂತ ಹೇಳ್ತಾರ. ನಾ ಒಪ್ಪೂದಿಲ್ಲ. ಇಪ್ಪತ್ತೆಂಟರಾಗ 32 ಎಲಿ, ಒಂದ ಸೂಟಿಗೆ ಎಂಟು. ಗುಲಾಮ 3, ಒಂಬತ್ತು 2, ಎಕ್ಕ 1, ಹತ್ತು 1. ಯಾರ ಹತ್ರ ಗುಲಾಮ ಉಳದಾನ, ತುರುಪು ಎಷ್ಟು ಹೊರಗ ಅದಾವ ಅಂತ ನಮ್ಮ ಕಾಕಾ ತಪ್ಪದಂಗ ಹೇಳ್ತಿದ್ದ. ಆತ ಶಾಲಿ ಕಟ್ಟಿ ಹತ್ತಿದವನಲ್ಲ, ದಿನಾ ಮಗ್ಗದ ಮುಂದ ಕುಂತವ. ಎಳಿ ಎಣಸೂ ಕಣ್ಣು ಎಲಿನೂ ಎಣಸ್ತಿತ್ತು.

ಆ ಎಣಿಕಿನ ಇಲ್ಲಿ ತರ್ರಿ. ಎಂಟರ ಬದಲಿ ಹದಿಮೂರು, ಅಷ್ಟ ಫರಕು. ದರ್ಜೆ ಬ್ಯಾರೆ, ಇಲ್ಲಿ ಎಕ್ಕನ ದೊಡ್ಡದು, ಅದಕ್ಕ ಎರಡು ದಿನದಾಗ ಕೈ ಹೊಂದ್ತದ.

ನನ್ನ ರೂಢಿ ಹೇಳ್ತೀನಿ. ತುರುಪು ಎಣಸೂವಾಗ ಬಿದ್ದ ಎಲ್ಲಾ ಎಲಿ ಎಣಸೂದಿಲ್ಲ. ನನ್ನದೂ ಡಮ್ಮಿದೂ ಕೂಡಿಸಿ ಒಂಬತ್ತು ಇದ್ರ ಹೊರಗ ನಾಕು. ಆ ನಾಕನ್ನ ಅಷ್ಟ ತಲಿಯಾಗ ಇಟ್ಟು ಇಳಿಸ್ತಾ ಹೋಗ್ತೀನಿ. ಇಬ್ಬರೂ ಒಂದೊಂದು ಹಾಕಿದ್ರ ಎರಡು ಉಳೀತು. ಇದು ಸಣ್ಣದು ಅನಸ್ತದ, ಆದ್ರ ತಲಿ ಮ್ಯಾಲಿನ ಭಾರ ಅರ್ಧಕ್ಕರ್ಧ ಇಳೀತದ.

ಏಲಕ್ಕಿಹಾರ (ಹಾವೇರಿ)

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಎಣಿಕೆಯ ವಿಷಯ ಬಂದದ್ದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರತಿ ಕೈಯೂ ಹದಿಮೂರು ಎಲೆ, ಪ್ರತಿ ಸೂಟೂ ಹದಿಮೂರು ಎಲೆ. ಇವೆರಡರ ಮೇಲೆ ಇಡೀ ಆಟ ನಿಂತಿದೆ. ಆದ್ದರಿಂದ ನಾಲ್ಕು ಸಂಖ್ಯೆಗಳ ಮೊತ್ತ 13 ಆಗುವ ಜೋಡಣೆಗಳು ನಮಗೆ ಹಾಡಿನ ಹಾಗೆ ಬಾಯಿಗೆ ಬರಬೇಕು. 4-4-3-2 ಎಲ್ಲಕ್ಕಿಂತ ಹೆಚ್ಚು ಬರುವ ಕೈ, ನೂರಕ್ಕೆ ಸುಮಾರು 21 ಅಥವಾ 22 ಸಲ. 5-3-3-2 ಸುಮಾರು 15, 5-4-3-1 ಸುಮಾರು 13. ನಾವು ಬಹಳ ಬರುತ್ತದೆ ಅಂದುಕೊಂಡಿರುವ 4-3-3-3 ಬರುವುದು ನೂರಕ್ಕೆ ಹತ್ತು ಹನ್ನೊಂದು ಸಲ ಮಾತ್ರ.

ಇದನ್ನು ರೂಢಿ ಮಾಡಿಕೊಳ್ಳಲು ನಾನೂ ನನ್ನ ಮಗನೂ ಒಂದು ಆಟ ಆಡುತ್ತೇವೆ. ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಹೋಗಿಬರುವ ಗಾಡಿಗಳ ನಂಬರ್ ಪ್ಲೇಟ್ ನೋಡುವುದು. ಕೆಎ 27, ಆಮೇಲೆ 5314 ಇತ್ತೆನ್ನಿ. ಮೊದಲ ಮೂರು ಅಂಕಿ ಐದು, ಮೂರು, ಒಂದು. ನಾಲ್ಕನೆಯದು ಎಷ್ಟಾಗಬೇಕು? ನಾಲ್ಕು. ಪ್ಲೇಟಿನಲ್ಲಿ ಏನಿದೆ ಎಂಬುದು ಮುಖ್ಯವಲ್ಲ, ಹದಿಮೂರಕ್ಕೆ ಎಷ್ಟು ಕಡಿಮೆ ಎಂದು ಥಟ್ಟನೆ ಹೇಳಬೇಕು. ಎರಡು ತಿಂಗಳಲ್ಲಿ ನನಗೆ ಕೂಡಿಸುವ ಶ್ರಮವೇ ಹೋಯಿತು. ‘ಐದು-ನಾಲ್ಕು-ಮೂರು’ ಅಂದರೆ ‘ಒಂದು’ ಎಂದು ತಾನಾಗಿಯೇ ಬರುತ್ತದೆ.

ಎದುರಾಳಿಗಳ ಕಡೆ ಎಲೆ ಹೇಗೆ ಹಂಚಿರುತ್ತವೆ ಎಂಬುದೂ ಗೊತ್ತಿರಲಿ. ಹೊರಗೆ ಐದು ಎಲೆ ಇದ್ದರೆ 3-2 ಆಗುವುದು 68 ಪ್ರತಿಶತ, 4-1 ಆಗುವುದು 28, 5-0 ಕೇವಲ 4. ಆರು ಎಲೆ ಇದ್ದರೆ 3-3 ಸಮ ಆಗುವುದು 36 ಮಾತ್ರ, 4-2 ಆಗುವುದು 48. ಹೊರಗೆ ಬೆಸ ಸಂಖ್ಯೆಯ ಎಲೆಗಳಿದ್ದರೆ ಆದಷ್ಟು ಸಮೀಪವಾಗಿ ಹಂಚಿರುತ್ತವೆ, ಸರಿ ಸಂಖ್ಯೆ ಇದ್ದರೆ ಹೆಚ್ಚಾಗಿ ಏರುಪೇರಾಗಿರುತ್ತವೆ. ನನ್ನ ವಿದ್ಯಾರ್ಥಿಗಳಿಗೆ ಸಂಭಾವ್ಯತೆಯ ಪಾಠ ಮಾಡುವಾಗ ಈ ಉದಾಹರಣೆಯನ್ನೇ ಕೊಡಬೇಕೆಂದು ಆಸೆ ಇದೆ. ಇಸ್ಪೀಟು ಎಂಬ ಶಬ್ದ ತರಗತಿಯಲ್ಲಿ ಹೇಳುವುದು ಹೇಗೆ ಎಂದು ಹಿಂಜರಿಯುತ್ತೇನೆ.

ಕೋರ್ಟ್_ವೃತ್ತ (ಧಾರವಾಡ)

ಹಾವೇರಿ ಟೀಚರ್ ಅವರ ಕಡೆಯ ಮಾತಿಗೆ ಅಷ್ಟೇ ಉತ್ತರಿಸುತ್ತೇನೆ. ನಾನು ವಕೀಲ. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದು ಹೇಳುವಾಗ ಹೋಲಿಕೆಗೆ ಎತ್ತಿಕೊಂಡದ್ದೇ ಬ್ರಿಜ್ ಅನ್ನು. ರಮ್ಮಿಯಲ್ಲಿರುವ ಅದೃಷ್ಟದ ಪಾಲು ಬ್ರಿಜ್‌ನಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದ್ದೇ ಎಂಬುದು ಅಲ್ಲಿನ ಅಭಿಪ್ರಾಯ. ಅಂದರೆ ಬ್ರಿಜ್ ಕೌಶಲದ ಆಟ ಎಂಬ ಬಗ್ಗೆ ನ್ಯಾಯಾಲಯಕ್ಕೆ ಅನುಮಾನವೇ ಇರಲಿಲ್ಲ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಪದಕದ ಆಟವಾಗಿತ್ತು. ಪುರುಷರ ಜೋಡಿ ವಿಭಾಗದಲ್ಲಿ ನಮ್ಮ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಚಿನ್ನ ಗೆದ್ದರು. ಆಗ ಬರ್ಧನ್ ಅವರ ವಯಸ್ಸು 60. ಧೈರ್ಯವಾಗಿ ತರಗತಿಯಲ್ಲಿ ಹೇಳಿ.

ಸಾಧನಕೇರಿ ಸರ್, ಆ ಅರವತ್ತರ ಮಾತು ನಿಮಗೂ ಸೇರಿಸಿಯೇ ಬರೆದದ್ದು.

ಚಿಗರಿ_ಪ್ರಯಾಣಿಕ

ನಾ ಸ್ವಲ್ಪ ಬ್ಯಾರೆ ಹೇಳ್ತೀನಿ. ದಿನಾ ಧಾರವಾಡ-ಹುಬ್ಬಳ್ಳಿ ಚಿಗರಿ ಬಸ್ಸಿನ್ಯಾಗ ಓಡಾಡ್ತೀನಿ. ಮೊಬೈಲ್‌ನ್ಯಾಗ ಬ್ರಿಜ್ ಬೇಸ್ ಆನ್‌ಲೈನ್ ತಗದು ರೋಬೋಟ್ ಜೋಡಿ ಆಡ್ತೀನಿ. ಹೋಗೂವಾಗ ಐದಾರು ಕೈ, ಬರೂವಾಗ ಐದಾರು. ವಾರಕ್ಕ ಅರವತ್ತು ಕೈ ಆಡಿದವ ರವಿವಾರ ಹನ್ನೆರಡು ಕೈ ಆಡಿದವಗಿಂತ ಬೇಗ ಕಲೀತಾನ ಅಂತ ನನ್ನ ನಂಬಿಕಿ. ಈಜು ಕಲೀಬೇಕಂದ್ರ ನೀರಿಗೆ ಇಳೀಬೇಕಲ್ರಿ.

ಉಣಕಲ್‌ಕೆರೆ

ತಮ್ಮಾ, ನಿನ್ನ ಉಮೇದಿ ಚಲೋ ಅದ. ಆದ್ರ ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಆ ಅರವತ್ತು ಕೈಯಾಗ ಎಷ್ಟನ್ನ ತಿರುಗಿ ನೋಡಿದಿ?

ಇನ್ನೊಂದು ಮಾತು. ರೋಬೋಟ್ ಜೋಡಿ ಆಡೂ ಕೆಲವು ಟೂರ್ನಮೆಂಟಿನಾಗ ಮನುಷ್ಯಾಗ ಯಾವಾಗ್ಲೂ ನಾಕರಾಗ ಹೆಚ್ಚು ಪಾಯಿಂಟಿನ ಕೈ ಬರೂ ಹಂಗ ಮಾಡಿರ್ತಾರ. ಆಡ್ಲಿಕ್ಕೆ ಮಜಾ ಇರ್ತದ, ಯಾಕಂದ್ರ ಭಾಳ ಸಲ ನೀನ ಡಿಕ್ಲೇರರ್ (ಕಾಂಟ್ರ್ಯಾಕ್ಟ್ ಆಡೂವ). ಆದ್ರ ಖರೇ ಟೇಬಲ್ ಮ್ಯಾಲ ಲೆಕ್ಕ ಹಾಕು: ನಾಕರಾಗ ಒಂದು ಪಾಲು ನೀನು ಡಿಕ್ಲೇರರ್, ಒಂದು ಪಾಲು ಡಮ್ಮಿ, ಉಳಿದ ಅರ್ಧ ಹೊತ್ತು ಡಿಫೆನ್ಸ್, ಅಂದ್ರ ಎದುರಾಳಿಯ ಕಾಂಟ್ರ್ಯಾಕ್ಟ್ ಬೀಳಸೂದು. ಆಟದ ಅರ್ಧ ಭಾಗ ಅಲ್ಲಿ ಕಲಿಯೂದ ಇಲ್ಲ.

ಚಿಗರಿ_ಪ್ರಯಾಣಿಕ

ಅಕ್ಕಾ, ಒಂದನ್ನೂ ತಿರುಗಿ ನೋಡಿಲ್ಲ. ಇವತ್ತು ನಿಮ್ಮ ಮಾತು ಓದಿ ಹಳೇ ಕೈಗಳ ಪಟ್ಟಿ ತಗದೆ. ಅಲ್ಲಿ ನಾಕೂ ಕೈ ತೆರದು ಇಟ್ಟಿರ್ತಾರ, ಬ್ಯಾರೆ ಮಂದಿ ಅದ ಎಲಿ ಹಿಡಕೊಂಡು ಏನು ಮಾಡಿದ್ರು ಅಂತನೂ ನೋಡಬಹುದು. ಹ್ವಾದ ವಾರ ನಾ 4 ಸ್ಪೇಡ್ ಕಾಂಟ್ರ್ಯಾಕ್ಟ್ ಬೀಳಿಸಿದ ಕೈ ತಗದು ನೋಡಿದ್ರ, ಡಮ್ಮಿಯಾಗಿನ ಗಿಡ್ಡ ಸೂಟ್ ಕತ್ತರಸೂ ಮೊದಲ ತುರುಪು ಎಲ್ಲಾ ಎಳದು ಬಿಟ್ಟೇನಿ. ಕತ್ತರಸಾಕ ಡಮ್ಮ್ಯಾಗ ತುರುಪೇ ಉಳಿದಿಲ್ಲ. ಹಿಂದಿನ ಮೂರು ಬಿದ್ದ ಕೈಯಾಗೂ ಇದ ತಪ್ಪು! ಅರವತ್ತು ಕೈ ಆಡಿ ಒಂದ ತಪ್ಪನ್ನ ಮತ್ತ ಮತ್ತ ಗಟ್ಟಿ ಮಾಡಿಕೊಂಡೇನಿ.

ಈಗಿಂದ ಹೋಗೂವಾಗ ನಾಕು ಕೈ, ಬರೂವಾಗ ಅವನ್ನ ನಾಕು ಬಿಚ್ಚಿ ನೋಡೂದು.

ಮಾಳಮಡ್ಡಿ_ಅಕ್ಕ (ಧಾರವಾಡ)

ಎಲ್ಲಾರೂ ಎಲಿ ಬಗ್ಗೆ ಬರದೀರಿ. ನಾ ಎದುರಿಗೆ ಕೂಡೂ ಮನುಷ್ಯಾರ ಬಗ್ಗೆ ಬರೀತೀನಿ.

ಕೆಲವು ವರ್ಷದ ಹಿಂದ ಬ್ಯಾರೆ ಊರಿನ ಒಂದು ಟೂರ್ನಮೆಂಟಿಗೆ ಹೋಗಿದ್ದೆ. ನನ್ನ ಪಾರ್ಟ್ನರ್ ನನಗಿಂತ ಅನುಭವಸ್ಥರು. ಮೂರನೇ ಬೋರ್ಡ್‌ನ್ಯಾಗ (ಮೂರನೇ ಹಂಚಿಕಿ) ನಾ ತಪ್ಪು ಸೂಟ್ ತಿರುಗಿಸಿದೆ, ಎದುರಾಳಿಗಳ ಗೇಮ್ ಆತು. ಪಾರ್ಟ್ನರ್ ಎದುರಾಳಿಗಳ ಮುಂದನ, ಇಡೀ ಹಾಲ್ ಕೇಳೂ ಹಂಗ, ‘ಎಣಸಾಕ ಬರೂದಿಲ್ಲಂದ್ರ ಯಾಕ ಬರ್ತೀರಿ’ ಅಂದ್ರು. ಆ ಮ್ಯಾಲಿನ ಇಪ್ಪತ್ತೊಂದು ಬೋರ್ಡ್ ನಾ ಎಲಿ ನೋಡಲೇ ಇಲ್ಲ, ಅವರ ಮಾರಿ ನೋಡಿಕೋತ ಆಡಿದೆ. ಮನಿಗೆ ಬಂದು ಎಂಟು ತಿಂಗಳು ಎಲಿ ಮುಟ್ಟಲಿಲ್ಲ.

ಮತ್ತ ಶುರು ಮಾಡಿದಾಗ ನಾನೂ ನನ್ನ ಈಗಿನ ಪಾರ್ಟ್ನರೂ ಒಂದು ಕರಾರು ಮಾಡಿಕೊಂಡ್ವಿ. ಆಡೂವಾಗ ಹಿಂದಿನ ಕೈ ಬಗ್ಗೆ ಒಂದು ಶಬ್ದನೂ ಆಡೂದಿಲ್ಲ. ಅನುಮಾನ ಬಂದ ಬೋರ್ಡಿನ ನಂಬರ್ ಮುಂದ ಚೀಟಿ ಮ್ಯಾಲ ಒಂದು ಚುಕ್ಕಿ. ಆಟ ಮುಗದ ಮ್ಯಾಲ, ಚಹಾ ಕುಡಕೋತ, ಚುಕ್ಕಿ ಇಟ್ಟಾವನ್ನ ಅಷ್ಟ ಮಾತಾಡೂದು. ಅವಾಗೂ ‘ನೀವ್ಯಾಕ ಹಿಂಗ ಮಾಡಿದ್ರಿ’ ಅಂತಿಲ್ಲ. ‘ಆ ಹೊತ್ತಿನ್ಯಾಗ ನಿಮಗ ಏನು ಗೊತ್ತಿತ್ತು’ ಅಂತ ಕೇಳೂದು. ಹಿಂಗ ಕೇಳಿದಾಗ ಹತ್ತರಾಗ ಐದು ಸಲ ತಪ್ಪು ಅವರದ್ದಿರೂದಿಲ್ಲ, ನನ್ನ ಸಿಗ್ನಲ್ (ಎಲಿ ಹಾಕಿ ಕೊಡೂ ಸೂಚನೆ) ಸರಿ ಇರೂದಿಲ್ಲ.

ಸಾಧನಕೇರಿ ಅಣ್ಣಾರ, ಕನ್ವೆನ್ಷನ್ ಬಗ್ಗೆನೂ ಇದ ಮಾತು. ಪಾರ್ಟ್ನರ್ ಜೋಡಿ ಕುಂತು ಮಾತಾಡಿ ಗಟ್ಟಿ ಮಾಡಿಕೊಳ್ಳದ ಕನ್ವೆನ್ಷನ್ ನಿಮ್ಮ ಒಬ್ಬರ ನೋಟ್‌ಬುಕ್‌ನ್ಯಾಗ ಇದ್ರ ಅದು ಇಲ್ಲದಂಗನ. ಇಬ್ಬರಿಗೂ ಒಂದ ಅರ್ಥ ಕೊಡೂ ಮೂರು ಸಾಕು. ನಾವು ಹನ್ನೊಂದು ಇದ್ದದ್ದನ್ನ ನಾಕಕ್ಕ ಇಳಿಸಿದ್ವಿ, ಆಟ ಹಗುರಾತು.

ಬೆಟಗೇರಿ_ಮಗ್ಗ

ಮಾಳಮಡ್ಡಿ ಅಕ್ಕಾರ, ಅವತ್ತು ನಿಮಗ ಹಂಗ ಅಂದದ್ದು ತಪ್ಪು. ನೀವು ತಿರುಗಿ ಬಂದ್ರಿ, ಅದು ದೊಡ್ಡದು.

ಡಿಫೆನ್ಸ್ ಮಾತು ಬಂತಲ್ಲ, ಎಲ್ಲಾರೂ ಬಿಡೂ ಒಂದು ಲೆಕ್ಕ ಹೇಳ್ತೀನಿ. ಡಿಕ್ಲೇರರ್ 1 ನೋ ಟ್ರಂಪ್ ಅಂದ್ರ 15ರಿಂದ 17. ಡಮ್ಮಿ ಬಿತ್ತು, ಅಲ್ಲಿ 10. ನನ್ನ ಕೈಯಾಗ 9. 40ರಾಗ 19 ಹ್ವಾದ್ರ 21, ಅದರಾಗ ಅವರ 15ರಿಂದ 17 ತಗೀರಿ. ನನ್ನ ಪಾರ್ಟ್ನರ್ ಹತ್ರ 4ರಿಂದ 6. ಈಗ ಪಾರ್ಟ್ನರ್ ಒಂದು ಎಕ್ಕ ತೋರಿಸಿದ್ರ, 4 ಖರ್ಚಾತು. ಉಳಿದದ್ದು ಹೆಚ್ಚಂದ್ರ 2. ಅಂದ್ರ ಇನ್ನೊಂದು ರಾಜ ಅವರ ಹತ್ರ ಇರಾಕ ಸಾಧ್ಯನ ಇಲ್ಲ. ಆ ರಾಜಗೋಸ್ಕರ ಕಾಯ್ಕೋತ ಕೂಡೂದು ಬ್ಯಾಡ, ಬ್ಯಾರೆ ದಾರಿ ಹುಡಕ್ರಿ. ಎರಡನೇ ಕೈ ಸಣ್ಣದು, ಮೂರನೇ ಕೈ ದೊಡ್ಡದು ಅಂತ ಕಣ್ಣುಮುಚ್ಚಿ ಆಡೂವರಿಗೆ ಈ ಒಂದು ಕಳಿಯೂ ಲೆಕ್ಕ ಕಣ್ಣು ತೆರಸ್ತದ.

ಸಾಧನಕೇರಿ_ನಿವೃತ್ತ

ಐದು ವಾರ ಆತು. ಸುಮ್ಮನಿದ್ದೆ, ಯಾಕಂದ್ರ ಮಾಡಿ ನೋಡಿ ಆಮ್ಯಾಲ ಬರೀಬೇಕು ಅಂತಿದ್ದೆ.

ನೋಟ್‌ಬುಕ್‌ನ್ಯಾಗಿನ ಕನ್ವೆನ್ಷನ್ ಮೂರಕ್ಕ ಇಳಿಸಿದ್ವಿ: ಸ್ಟೇಮನ್, ಟ್ರಾನ್ಸ್‌ಫರ್, ಬ್ಲ್ಯಾಕ್‌ವುಡ್. ಡಮ್ಮಿ ಬಿದ್ದ ಕೂಡ್ಲೆ ನಾ ಎಲಿ ಬೋರಲ ಇಡ್ತೀನಿ. ಮೊದಲನೇ ವಾರ ಉಳಿದವರು ‘ಏನ್ ಸಾಹೇಬ್ರ, ಮರತ್ರೇನು’ ಅಂದ್ರು. ಈಗ ಅವರೂ ಇಡ್ತಾರ. ಮನಿಯಾಕಿ ಹೇಳ್ತಾಳ, ಪಡಸಾಲ್ಯಾಗ ದನಿ ಕಡಿಮಿ ಆಗೇದ ಅಂತ. ಚುಕ್ಕಿ ಪದ್ಧತಿನೂ ಶುರು ಆಗೇದ.

ಹ್ವಾದ ರವಿವಾರದ ಕೈ ಹೇಳಲೇಬೇಕು.

ನನ್ನ ಕೈ:
ಸ್ಪೇಡ್: 7 3
ಹಾರ್ಟ್: ಎಕ್ಕ ರಾಜ ಗುಲಾಮ 6 4
ಡೈಮಂಡ್: 8 5
ಕ್ಲಬ್: ಎಕ್ಕ ಗುಲಾಮ 6 2

ಡಮ್ಮಿ:
ಸ್ಪೇಡ್: 8 6 4
ಹಾರ್ಟ್: ರಾಣಿ 9 5 2
ಡೈಮಂಡ್: ಎಕ್ಕ 7 3
ಕ್ಲಬ್: ರಾಜ 10 4

22 ಪಾಯಿಂಟಿನ ಮ್ಯಾಲ 4 ಹಾರ್ಟ್ (ಹಾರ್ಟ್ ತುರುಪು, ಹತ್ತು ಟ್ರಿಕ್), ಸ್ವಲ್ಪ ಹೆಚ್ಚ ಏರಿದ್ವಿ. ಪಶ್ಚಿಮದವರು ನಡುವ 1 ಸ್ಪೇಡ್ ಅಂದಿದ್ರು. ಅವರು ಸ್ಪೇಡ್ ಎಕ್ಕ, ರಾಜ ಹೊಡದ್ರು, ಮೂರನೇದಕ್ಕ ರಾಣಿ. ಪೂರ್ವದವರು ಎರಡು ಸ್ಪೇಡ್ ಹಾಕಿ ಮೂರನೇದಕ್ಕ ಒಂದು ಡೈಮಂಡ್ ಬಿಸಾಕಿದ್ರು. ನಾ ತುರುಪಿನಿಂದ ಕತ್ತರಿಸಿದೆ.

ಎರಡು ಹೋಗಿದ್ವು, ಡೈಮಂಡ್‌ದಾಗ ಒಂದು ಹೋಗೇ ಹೋಗ್ತದ. ಕ್ಲಬ್ ರಾಣಿ ಯಾರ ಹತ್ರ? ಎರಡೂ ಕಡೆ ಫಿನೆಸ್ ಮಾಡಾಕ ಬರ್ತದ. ಮೊದಲಿನ ನಾನಾಗಿದ್ರ ಅಲ್ಲೇ ಒಂದು ಕಡೆ ಹೊಡದು ಹಣೆಬಾರ ಅಂತಿದ್ದೆ. ಈ ಸಲ ಎಣಸ್ತಾ ಹೋದೆ.

ಸ್ಪೇಡ್: ನಮ್ಮ ಹತ್ರ ಐದು, ಪೂರ್ವಕ್ಕ ಎರಡು, ಹಂಗಾರ ಪಶ್ಚಿಮಕ್ಕ ಆರು. ಹಾರ್ಟ್ ಎರಡು ಸಲ ಎಳದೆ, ಇಬ್ಬರೂ ಎರಡೆರಡು ಹಾಕಿದ್ರು. ಹೊರಗಿನ ನಾಕೂ ಮುಗದ್ವು. ಪಶ್ಚಿಮದ್ದು ಎಂಟು ಎಲಿ ಗೊತ್ತಾದ್ವು. ಆಮ್ಯಾಲ ಡೈಮಂಡ್ ಎಕ್ಕ, ಮತ್ತೊಂದು ಡೈಮಂಡ್ ಬಿಟ್ಟೆ. ಪೂರ್ವದವರು ಹೊಡದು ಡೈಮಂಡ್‌ನ ತಿರುಗಿಸಿದ್ರು, ನಾ ಕತ್ತರಿಸಿದೆ. ಮೂರೂ ಸಲ ಪಶ್ಚಿಮದವರು ಡೈಮಂಡ್ ಹಾಕಿದ್ರು. ಎಂಟು ಮತ್ತ ಮೂರು, ಹನ್ನೊಂದು.

ಹದಿಮೂರಕ್ಕ ಎಷ್ಟು ಕಡಿಮಿ? ಎರಡು. ಅವರ ಹತ್ರ ಕ್ಲಬ್ ಹೆಚ್ಚಂದ್ರ ಎರಡು, ಇನ್ನೊಂದು ಡೈಮಂಡ್ ಇದ್ರ ಒಂದ. ಹೊರಗ ಒಟ್ಟು ಆರು ಕ್ಲಬ್. ಅಂದ್ರ ಪೂರ್ವದವರ ಹತ್ರ ನಾಕೋ ಐದೋ. ರಾಣಿ ಅಲ್ಲಿರೂ ಸಾಧ್ಯತೆ ಕಡಿಮಿ ಅಂದ್ರೂ ಎರಡು ಪಟ್ಟು.

ಕೈಯಾಗಿಂದ 2 ಬಿಟ್ಟು ರಾಜದಿಂದ ಹೊಡದೆ. ಪಶ್ಚಿಮದವರು 5 ಹಾಕಿದ್ರು. ಡಮ್ಮಿಯಿಂದ 10 ಬಿಟ್ಟೆ. ಪೂರ್ವದವರು ಸಣ್ಣದು ಹಾಕಿದ್ರು. ನಾ 6 ಹಾಕಿದೆ. ಪಶ್ಚಿಮದವರು ಸ್ಪೇಡ್ ಬಿಸಾಕಿದ್ರು!

ಕೈ ನಡಗ್ತಿತ್ತು, ಖರೇನ. ಹತ್ತು ಟ್ರಿಕ್ ಆತು. ಅರವತ್ತೊಂದನೇ ವಯಸ್ಸಿನ್ಯಾಗ ಮೊದಲನೇ ಸಲ ಎದುರಿನವರ ಎಲಿ ನನಗ ಕಂಡಂಗ ಆತು.

ಏಲಕ್ಕಿಹಾರ

ಸರ್, ಓದಿ ಕಣ್ಣು ತುಂಬಿತು. ‘ಹದಿಮೂರಕ್ಕೆ ಎಷ್ಟು ಕಡಿಮೆ’ ಎಂಬುದನ್ನು ಮಗನಿಗೆ ಓದಿ ಹೇಳಿದೆ. ಧಾರವಾಡದ ಕೆಎ 25ರ ಗಾಡಿ ಕಂಡರೆ ಇನ್ನು ನಿಮ್ಮ ನೆನಪಾಗುತ್ತದಂತೆ ಅವನಿಗೆ.

ಒಂದು ಅನುಮಾನ. ಮೊದಲು ರಾಜ ಹೊಡೆದದ್ದು ಯಾಕೆ? ನೇರವಾಗಿ ಡಮ್ಮಿಯಿಂದ ಗುಲಾಮನ ಕಡೆಗೆ ಬಿಡಬಹುದಿತ್ತಲ್ಲ?

ಉಣಕಲ್‌ಕೆರೆ

ಟೀಚರ್, ಅದು ಸರ್ ಮಾಡಿದ್ದ ಸರಿ. ಪಶ್ಚಿಮದವರ ಹತ್ರ ಒಂದೋ ಎರಡೋ ಕ್ಲಬ್ ಅದಾವ ಅಂತ ಗೊತ್ತದ. ಆ ಒಂದ ಎಲಿ ರಾಣಿನ ಆಗಿದ್ರ? ರಾಜ ಮೊದಲು ಹೊಡದ್ರ ಆಕಿ ಅಲ್ಲೇ ಬೀಳ್ತಾಳ. ಗುಲಾಮ ಹಾಕಿ ಫಿನೆಸ್ ಮಾಡಿದ್ರ ಒಂಟಿ ರಾಣಿಗೆ ಟ್ರಿಕ್ ಕೊಟ್ಟಂಗ ಆಗ್ತಿತ್ತು. ರಾಜ ಹೊಡದದ್ದರಿಂದ ಕಳಕೊಂಡದ್ದು ಏನೂ ಇಲ್ಲ, ಪೂರ್ವದ ಕಡೆಯ ಫಿನೆಸ್ ಹಂಗ ಉಳದಿತ್ತು.

ಸರ್, ಒಂದು ಇನ್ನೂ ನೋಡ್ರಿ. ಡೈಮಂಡ್ ಮೊದಲು ಮುಗಿಸಿ ಕ್ಲಬ್ ಕಡೀಕ ಇಟ್ಟದ್ದು ಈ ಕೈಯಾಗಿನ ಭಾಳ ಒಳ್ಳೇ ಕೆಲಸ. ಯಾವ ಸೂಟಿನಾಗ ಊಹೆ ಮಾಡಬೇಕೋ ಅದನ್ನ ಕಡೀಕ ಮುಟ್ಟಬೇಕು. ಅಲ್ಲೀ ತನಕ ಉಳಿದ ಮೂರು ಸೂಟಿನ ಸುದ್ದಿ ಬಂದಿರ್ತದ. ಇದನ್ನ ನಾ ನಿಮಗ ಹೇಳಿದ್ದಿಲ್ಲ, ನೀವ ಮಾಡೀರಿ.

ಚಿಗರಿ_ಪ್ರಯಾಣಿಕ

ಸರ್, ಮುಂದಿನ ರವಿವಾರ ಬಂದು ಹಿಂದ ಕುಂತು ನೋಡಬಹುದೇನ್ರಿ? ಮಾತಾಡೂದಿಲ್ಲ.

ಸಾಧನಕೇರಿ_ನಿವೃತ್ತ

ಬಾರಪ್ಪಾ, ಕೇಳೂದೇನೈತಿ. ನಮ್ಮ ಪ್ರೊಫೆಸರ್ ಸಾಹೇಬ್ರು ಮಗಳ ಊರಿಗೆ ಹೊಂಟಾರ, ಎರಡು ವಾರ ಅವರ ಕುರ್ಚಿ ಖಾಲಿ. ಹಿಂದ ಯಾಕ, ಟೇಬಲ್‌ಗೇ ಕೂಡು. ಐದು ಗಂಟೆಗೆ ಶುರು. ಬರೂವಾಗ ನಿನ್ನ ಬಿದ್ದ ಆ ನಾಕು ಸ್ಪೇಡ್ ಕೈ ಬರಕೊಂಡು ಬಾ, ಮೊದಲ ಅದನ್ನ ಹಚ್ಚಿ ನೋಡೋಣು.